ಸವಳು ನೆಲದ ಮೇಲಿನ ಮನೆಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಅಲ್ಕಲಿ ಫ್ಲ್ಯಾಟ್ ಎಂಬ ಹಳೆಯ ಬಡಾವಣೆಯೊಂದಿದೆ. ನೆರೆ ಇಳಿದ ಮೇಲೆ ನೆಲದ ಮೇಲೆ ಬೆಳ್ಳಗೆ ಉಳಿಯುತ್ತಿದ್ದ ಕ್ಷಾರದಿಂದ ಅದಕ್ಕೆ ಈ ಹೆಸರು ಬಂತು. ಕನ್ನಡದಲ್ಲಿ ಹೇಳುವುದಾದರೆ ಅದು ಸವಳು ಬಯಲು. ಒಕ್ಕಲಿಗನು ಬೀಜ ಚೆಲ್ಲಲು ಹಿಂದೆಮುಂದೆ ನೋಡುವಂಥ ನೆಲ. ಆ ಊರಿನಲ್ಲಿ ಇಂದಿಗೂ ಉಳಿದಿರುವ ವಸತಿ ಬಡಾವಣೆಗಳಲ್ಲಿ ಇದೇ ಅತ್ಯಂತ ಹಳೆಯದು. ಚಿನ್ನದ ಧಾವಂತದ ಕಾಲದಲ್ಲಿ ಹಣ ಕಂಡ ವ್ಯಾಪಾರಿಗಳೂ ನ್ಯಾಯವಾದಿಗಳೂ ಇಲ್ಲಿ ಮನೆ ಕಟ್ಟಿಸಿಕೊಂಡರು. 1856ರಲ್ಲಿ ರಾಜ್ಯದ ಗವರ್ನರ್ ಆದ ಜೆ. ನೀಲಿ ಜಾನ್ಸನ್ ಅವರ ಹೆಸರಿನ ಮನೆ ಇನ್ನೂ ನಿಂತಿದೆ. ಇಂಥ ಹಲವು ಮನೆಗಳು ಈಗ ಜೀರ್ಣೋದ್ಧಾರಗೊಂಡು ಕೊಳ್ಳುವವರ ಕಣ್ಣಿಗೆ ಬಿದ್ದಿವೆ. ಆದರೆ ಕೊಳ್ಳುವವರು ನಿಜಕ್ಕೂ ಏನನ್ನು ಕೊಳ್ಳುತ್ತಾರೆ ಎಂಬುದು ಮಾರಾಟದ ಬೆಲೆಯೊಂದರಿಂದ ತಿಳಿಯುವುದಿಲ್ಲ.

1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಎಂಬಾತ ಕೊಲೋಮಾದಲ್ಲಿ, ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ, ಚಿನ್ನದ ಚೂರುಗಳನ್ನು ಕಂಡನು. ಚಿನ್ನವೆಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ಕೋಲಾರ. ಅಲ್ಲಿ ಚಿನ್ನವಿದ್ದುದು ಬಂಡೆಯ ಆಳದಲ್ಲಿ. ಕಂಪನಿಯ ಬಂಡವಾಳವಿಲ್ಲದೆ ಅದು ಮೇಲೆ ಬರುವಂತಿರಲಿಲ್ಲ. ಆದ್ದರಿಂದ ಅಲ್ಲಿ ಸಾಹೇಬರ ಬಂಗಲೆಗಳೂ ಕೂಲಿಕಾರರ ಲೈನುಗಳೂ ಎದ್ದವು. ಕ್ಯಾಲಿಫೋರ್ನಿಯಾದ ಮೊದಲ ಚಿನ್ನ ಹೊಳೆಯ ಮರಳಿನಲ್ಲಿತ್ತು. ಒಂದು ತಟ್ಟೆ, ಒಂದು ಸಲಿಕೆ ಇದ್ದವನಿಗೂ ಆಸೆಪಡುವ ಹಕ್ಕಿತ್ತು. ಮರಳು ಜಾಲಿಸಿದ ಬಹುಮಂದಿ ಬರಿಗೈಯಲ್ಲಿ ಉಳಿದರೆ, ಅವರಿಗೆ ಸಲಿಕೆ, ಹಿಟ್ಟು, ಬೂಟು ಮಾರಿದವರು ಬೆಳೆದರು. ಸ್ಯಾಕ್ರಮೆಂಟೊ ಹಾಗೆ ಮಾರಿದವರ ಊರು.

ಅವರು ಮಾರಿದ ಸರಕುಗಳಲ್ಲಿ ನೆಲವೂ ಒಂದು. 1848ರ ಕೊನೆಯಲ್ಲಿ ನದಿಯ ದಂಡೆಯ ಬಯಲನ್ನು ಚೌಕುಳಿಯಾಗಿ ಅಳೆದು ಬೀದಿಗಳನ್ನು ಗುರುತಿಸಿದರು. ಮರುವರ್ಷವೇ ನಿವೇಶನಗಳ ಮಾರಾಟ ಆರಂಭವಾಯಿತು. ನೆಲದ ಒಡೆಯನೆನಿಸಿಕೊಂಡವನು ಜಾನ್ ಸಟರ್. 1841ರಲ್ಲಿ ಮೆಕ್ಸಿಕೋದ ಗವರ್ನರನಿಂದ ಆತ ಪಡೆದ ದತ್ತಿಯೇ ಈ ಒಡೆತನಕ್ಕೆ ಆಧಾರ. ಅದಕ್ಕೂ ಮೊದಲು ಇದು ನಿಸೆನಾನ್ ಜನರ ನೆಲವಾಗಿತ್ತು. ಅವರನ್ನು ಯಾರೂ ಕೇಳಲಿಲ್ಲ. ಚಿನ್ನ ಸಿಕ್ಕ ಒಂಬತ್ತು ದಿನಗಳಿಗೆ, ಫೆಬ್ರವರಿ 2ರಂದು, ಮೆಕ್ಸಿಕೋ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಹೊಸದಾಗಿ ಬಂದಿಳಿದವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಹೋದ ಸರ್ಕಾರದ ಕಾಗದಕ್ಕೆ ಬಂದ ಸರ್ಕಾರದಲ್ಲಿ ಬೆಲೆ ಏನು? ಸೀಮೆಗಳು ಬದಲಾದಾಗ ಹಳೆಯ ದಾಖಲೆಯನ್ನು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವುದು ಎಂಥದೆಂದು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮಾತ್ರ ಪ್ರಶ್ನೆ ಬಂದೂಕಿನವರೆಗೆ ಹೋಯಿತು. ಖಾಲಿ ನಿವೇಶನಗಳಲ್ಲಿ ಗುಡಿಸಲು ಹೂಡಿದವರನ್ನು ಎಬ್ಬಿಸಲು ಹೋದಾಗ, 1850ರ ಆಗಸ್ಟ್ 14ರಂದು, ಬೀದಿಯಲ್ಲಿ ಗುಂಡು ಹಾರಿದವು. ನಗರದ ತೆರಿಗೆ ಅಧಿಕಾರಿ ಸತ್ತನು, ಮೇಯರ್ ಗಾಯಗೊಂಡನು, ಮರುದಿನ ಶೆರಿಫನೂ ಸತ್ತನು. ಗುಡಿಸಲು ಹೂಡಿದವರ ಮುಂದಾಳು ಚಾರ್ಲ್ಸ್ ರಾಬಿನ್ಸನ್ ಮುಂದೆ ಕಾನ್ಸಾಸ್ ರಾಜ್ಯದ ಮೊದಲ ಗವರ್ನರ್ ಆದನು ಎಂಬುದು ಚರಿತ್ರೆಯ ವಿನೋದ. ಸರ್ವೋಚ್ಚ ನ್ಯಾಯಾಲಯ ಸಟರನ ಒಂದು ದತ್ತಿಯನ್ನು ಎತ್ತಿಹಿಡಿದು ಇನ್ನೊಂದನ್ನು ತಳ್ಳಿಹಾಕಿತು. ಆ ಹೊತ್ತಿಗೆ ಆತನ ಆಸ್ತಿ ಬಹುಪಾಲು ಕರಗಿತ್ತು. ಪರಿಹಾರ ಬೇಡುತ್ತಲೇ 1880ರಲ್ಲಿ ಆತ ವಾಷಿಂಗ್ಟನ್ನಿನಲ್ಲಿ ತೀರಿಕೊಂಡನು.

ಇಂದು ಆ ಊರಲ್ಲಿ ಮನೆ ಕೊಳ್ಳುವವರು ಒಡೆತನದ ದೋಷದ ವಿರುದ್ಧ ವಿಮೆಯನ್ನೇ ಪಡೆಯುತ್ತಾರೆ. ಸಾತ್-ಬಾರಾ ಉತಾರ ತೆಗೆಸಿ, ಋಣಭಾರ ನೋಡಿ, ದೇವರ ಮೇಲೆ ಭಾರ ಹಾಕುವವರಿಗೆ ಈ ಏರ್ಪಾಡು ಸೋಜಿಗವೆನಿಸಬಹುದು.

ನೆಲದ ಜಗಳ ಹೀಗಿದ್ದರೆ, ನೀರಿನ ಕಾಟ ಬೇರೆ. ಎರಡು ನದಿಗಳು ಕೂಡುವಲ್ಲಿ ಊರು ಕಟ್ಟಿದವರನ್ನು 1850ರ ಜನವರಿಯಲ್ಲೇ ನೆರೆ ಮುತ್ತಿತು. 1852ರ ನವೆಂಬರಿನಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟಿತು. 1861-62ರ ಚಳಿಗಾಲದ ಮಹಾಪೂರದಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಗವರ್ನರನಾಗಿ ಪ್ರಮಾಣವಚನ ಸ್ವೀಕರಿಸಲು ದೋಣಿಯಲ್ಲಿ ಹೋಗಬೇಕಾಯಿತು. ಊರನ್ನು ಬಿಟ್ಟುಹೋಗುವ ಬದಲು ಅವರು ಬೀದಿಗಳನ್ನೇ ಎತ್ತರಿಸಿದರು. ಅಂಗಡಿಬೀದಿಗಳಲ್ಲಿ ಮಣ್ಣು ತುಂಬಿ ರಸ್ತೆಯನ್ನು ಮೇಲೇರಿಸಿದಾಗ ಮೊದಲಿನ ನೆಲಮಹಡಿ ನೆಲಮಾಳಿಗೆಯಾಯಿತು. ಕೆಲವು ಕಟ್ಟಡಗಳನ್ನು ಜ್ಯಾಕ್ ಕೊಟ್ಟು ಇಡಿಯಾಗಿ ಎತ್ತಿದರು. ವಸತಿ ಬೀದಿಗಳಲ್ಲಿ ಉಪಾಯ ಬೇರೆ. ಕೆಳಗಿನ ಅಂತಸ್ತನ್ನು ನೀರಿಗೆ ಬಿಟ್ಟುಕೊಟ್ಟು, ಬಾಳುವ ಅಂತಸ್ತನ್ನು ಆಳೆತ್ತರಕ್ಕೆ ಏರಿಸಿ, ಬೀದಿಯಿಂದ ಮುಂಬಾಗಿಲಿಗೆ ಉದ್ದನೆಯ ಮರದ ಮೆಟ್ಟಿಲು ಇಳಿಬಿಟ್ಟರು. ಇಂದು ನೋಡುವವರು ಅದನ್ನು ವಿಕ್ಟೋರಿಯನ್ ಚೆಲುವೆಂದು ಮೆಚ್ಚುತ್ತಾರೆ. ಚೆಲುವು ಇದೆ, ಸುಳ್ಳಲ್ಲ. ಆದರೆ ಆ ಮೆಟ್ಟಿಲಿನ ಹಿಂದೆ ಇದ್ದುದು ನೆರೆಯ ಭಯ.

ಇಪ್ಪತ್ತನೆಯ ಶತಮಾನದಲ್ಲಿ ಸಿರಿವಂತರು ಹೊಸ ಬಡಾವಣೆಗಳಿಗೆ ಹೊರಟರು. ದೊಡ್ಡ ಮನೆಗಳು ಕೋಣೆಕೋಣೆಯಾಗಿ ಬಾಡಿಗೆಗೆ ಒಡೆದವು. ದುಡಿಯುವವರು ಬಂದರು, ಮೆಕ್ಸಿಕೋ ಮೂಲದ ಕುಟುಂಬಗಳು ನೆಲೆಸಿದವು. ಮೆಕ್ಸಿಕೋದ ಕ್ರಾಂತಿಗೆ ಬೆದರಿ ಬಂದ ಹುಡುಗನೊಬ್ಬನ ಕಣ್ಣಲ್ಲಿ ಸ್ಯಾಕ್ರಮೆಂಟೊದ ಬಾಡಿಗೆಕೋಣೆಗಳ ಬದುಕನ್ನು ತಿಳಿಯಬೇಕೆಂಬ ವಿದ್ಯಾರ್ಥಿಗಳು ಅರ್ನೆಸ್ಟೊ ಗಲಾರ್ಜಾ ಅವರ 1971ರ ಆತ್ಮಕಥನ ‘ಬಾರಿಯೊ ಬಾಯ್’ ಓದಬೇಕು. ಆ ಪುಸ್ತಕದ ಕೇರಿ ಬಹಳಷ್ಟು ಅಳಿದಿದೆ. ನದಿದಂಡೆಗೆ ಹತ್ತಿದ ವೆಸ್ಟ್ ಎಂಡ್ ಭಾಗವನ್ನು 1950ರ ದಶಕದಿಂದ ನಗರಾಭಿವೃದ್ಧಿಯ ಹೆಸರಿನಲ್ಲಿ ಕೆಡವಿದರು. ಅಲ್ಲಿದ್ದ ಜಪಾನೀಯರ ಪೇಟೆಯೂ ಹೋಯಿತು. ನಂತರ ಹೆದ್ದಾರಿ ಬಂತು. ಹೆದ್ದಾರಿಗೂ ನದಿಗೂ ನಡುವೆ ಉಳಿದ ಸುಮಾರು 28 ಎಕರೆ 1965ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಗಿ ‘ಓಲ್ಡ್ ಸ್ಯಾಕ್ರಮೆಂಟೊ’ ಎನಿಸಿತು. ಅಲ್ಲಿ ಹಲಗೆಯ ಕಾಲುದಾರಿಗಳಿವೆ, ರೈಲು ವಸ್ತುಸಂಗ್ರಹಾಲಯವಿದೆ, ಮಿಠಾಯಿ ಅಂಗಡಿಗಳಿವೆ. ಸಂಜೆ ಯಾತ್ರಿಕರು ಹೋದ ಮೇಲೆ ದೀಪ ಹಚ್ಚುವ ಮನೆಗಳು ತೀರ ಕಡಿಮೆ. ಅಲ್ಕಲಿ ಫ್ಲ್ಯಾಟಿನ ಮಹತ್ತ್ವವಿರುವುದು ಇಲ್ಲಿಯೇ: ಅಲ್ಲಿ ಚರಿತ್ರೆಯೊಳಗೆ ಜನ ಅಡುಗೆ ಮಾಡುತ್ತಾರೆ, ಬಟ್ಟೆ ಒಣಹಾಕುತ್ತಾರೆ. ಆ ಮನೆಗಳು ಉಳಿಯಲು ಕಾರಣ ಸಂರಕ್ಷಕರ ಉತ್ಸಾಹವೊಂದೇ ಅಲ್ಲ, ಸೋರುವ ಮಾಡಿನ ಕೆಳಗೆ ಬಾಡಿಗೆ ಕೊಟ್ಟು ಬಾಳಿದವರೂ ಹೌದು.

ಈಗ ಕೊಳ್ಳುವವರ ಮಾತು. ಮರದ ಹಂದರದ ಹಳೆಯ ಮನೆಯೆಂದರೆ ಗೆದ್ದಲು, ಕುಸಿದ ಇಟ್ಟಿಗೆಯ ಅಡಿಪಾಯ, ಹಳೆಯ ವಿದ್ಯುತ್ ತಂತಿ. 1978ಕ್ಕೆ ಮೊದಲು ಕಟ್ಟಿದ ಮನೆಯಾದ್ದರಿಂದ ಸೀಸದ ಬಣ್ಣದ ವಿಷಯ ತನಗೆ ತಿಳಿದಷ್ಟನ್ನು ಮಾರುವವನು ಕಾನೂನಿನಂತೆ ಹೇಳಲೇಬೇಕು. ಮನೆಯು ನೆರೆಯ ನಕ್ಷೆಯ ಯಾವ ವಲಯದಲ್ಲಿದೆಯೆಂದು ನೋಡಿಯೇ ಬ್ಯಾಂಕು ಸಾಲ ಕೊಡುತ್ತದೆ. ಐತಿಹಾಸಿಕ ಪಟ್ಟಿಯಲ್ಲಿರುವ ಮನೆಯ ಮುಂಭಾಗದ ಕಿಟಕಿಯನ್ನು ಒಡೆಯ ತನ್ನಿಷ್ಟಕ್ಕೆ ಬದಲಿಸುವಂತಿಲ್ಲ. ನಗರದ ಒಪ್ಪಿಗೆ ಬೇಕು. ಈ ಹೊರೆಗೆ ಪ್ರತಿಯಾಗಿ 1972ರ ಮಿಲ್ಸ್ ಕಾನೂನು ಇದೆ. ಕನಿಷ್ಠ ಹತ್ತು ವರ್ಷ ಮನೆಯನ್ನು ಕಾಪಾಡುವೆನೆಂದು ನಗರದೊಂದಿಗೆ ಕರಾರು ಮಾಡಿಕೊಂಡರೆ ಆಸ್ತಿ ತೆರಿಗೆ ಇಳಿಯಬಹುದು. ಕರಾರು ಮನೆಗೆ ಅಂಟಿಕೊಂಡಿರುತ್ತದೆ. ಮನೆ ಮಾರಿದರೆ ಕೊಂಡವರ ಹೆಗಲಿಗೆ ಬರುತ್ತದೆ.

1978ರಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ 13’ರ ಲೆಕ್ಕ ಇನ್ನೂ ವಿಚಿತ್ರ. ಮೂಲ ತೆರಿಗೆ ಆಸ್ತಿಯ ಮೌಲ್ಯದ ಶೇಕಡಾ 1. ಮೌಲ್ಯವನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಿಸುವಂತಿಲ್ಲ. ಮನೆ ಕೈಬದಲಾದಾಗ ಮಾತ್ರ ಸಾಮಾನ್ಯವಾಗಿ ಹೊಸ ಬೆಲೆ ಹಿಡಿಯುತ್ತಾರೆ. ಒಬ್ಬರ ಮನೆಯ ತೆರಿಗೆ-ಮೌಲ್ಯ ಇಂದಿಗೆ 1 ಲಕ್ಷ ಡಾಲರ್, ಪಕ್ಕದ ಅಂಥದೇ ಮನೆಯನ್ನು ಇನ್ನೊಬ್ಬರು 5 ಲಕ್ಷಕ್ಕೆ ಕೊಂಡರೆಂದು ಭಾವಿಸಿದರೆ, ಒಬ್ಬರು ತೆರುವುದು 1,000, ಇನ್ನೊಬ್ಬರು 5,000. ಹಳಬರನ್ನು ಮನೆಯಲ್ಲಿ ಉಳಿಸುವ ಕಾನೂನೇ ಹೊಸಬರ ಹೊಸ್ತಿಲನ್ನು ಎತ್ತರಿಸುತ್ತದೆ.

ಈ ಎರಡು ಕಾನೂನುಗಳೂ ಒಡೆಯರಿಗಾಗಿ ಇರುವವು. ಮನೆ ಉಳಿಯುವವರೆಗೆ ಅದರೊಳಗೆ ಬಾಡಿಗೆಗೆ ಬಾಳಿದವರಿಗೆ, ಮನೆ ಬೆಲೆಬಾಳುವಂತಾದ ದಿನ, ಇವುಗಳಿಂದ ನೇರವಾಗಿ ದಕ್ಕುವುದು ಏನೂ ಇಲ್ಲ. ಅದೇ ಬಡಾವಣೆಯಲ್ಲಿ ಪಾಳುಬಿದ್ದು ಬೆಂಕಿಗೂ ತುತ್ತಾಗಿದ್ದ ಗ್ಲೋಬ್ ಮಿಲ್ಸ್ ಎಂಬ ಹಿಟ್ಟಿನ ಗಿರಣಿಯನ್ನು ಈ ಶತಮಾನದ ಮೊದಲ ದಶಕದಲ್ಲಿ ವಸತಿಯಾಗಿ ಮಾರ್ಪಡಿಸಿದಾಗ ಬೇರೊಂದು ದಾರಿ ಹಿಡಿದರು. ಅಲ್ಲಿನ ಹೆಚ್ಚಿನ ಮನೆಗಳನ್ನು ಕಡಿಮೆ ವರಮಾನದ ವೃದ್ಧರಿಗೆ ಮೀಸಲಿಟ್ಟರು. ಅವು ಮಾರಾಟಕ್ಕಿಲ್ಲ.