ಎರಡು ಕಾಲ, ಒಂದು ಮುಖ

ಐಚ್ಛಿಕ ಇಂಗ್ಲಿಷ್ ತರಗತಿಯಲ್ಲಿ ನಾವು ಬರೆದುಕೊಂಡ ನೋಟ್ಸಿನಲ್ಲಿ ಒಂದು ಪಟ್ಟಿ ಇದೆ. ಎಡಗಡೆ ವಿಕ್ಟೋರಿಯನ್ ಯುಗ, 1837ರಿಂದ 1901. ಬಲಗಡೆ ಮಾಡರ್ನಿಸಂ. ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಆಚೆ ನೀತಿ, ಕುಟುಂಬ, ದಪ್ಪ ದಪ್ಪ ಕಾದಂಬರಿ. ಈಚೆ ಒಡೆದ ಮನಸ್ಸು, ಒಡೆದ ವಾಕ್ಯ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಸೆಮಿನಾರಿಗಾಗಿ ವರ್ಜೀನಿಯಾ ವುಲ್ಫ್ ಬಗ್ಗೆ ಓದತೊಡಗಿದ ಮೇಲೆ ಆ ಗೆರೆ ನನಗೆ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಗೆರೆ ಇರಬೇಕಾದ ಜಾಗದಲ್ಲಿ ಒಬ್ಬ ಹೆಂಗಸಿನ ಮುಖವಿತ್ತು.

ಆಕೆ ಜೂಲಿಯಾ ಸ್ಟೀಫನ್, ವುಲ್ಫ್ ಅವರ ತಾಯಿ. ಹುಟ್ಟಿದ್ದು 1846ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಆಕೆಯ ದೊಡ್ಡಮ್ಮ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಕೂಡ ಕಲ್ಕತ್ತೆಯಲ್ಲೇ ಹುಟ್ಟಿದವರು. (ಕ್ಯಾಮೆರಾ ಹಿಡಿದವರ ಹೆಸರೇ ಕ್ಯಾಮರಾನ್! ಇದನ್ನು ಹೇಳಿದಾಗ ಸೆಮಿನಾರಿನಲ್ಲಿ ಎಲ್ಲರೂ ನಕ್ಕರು.) 1863ರಲ್ಲಿ, 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಅವರು ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್‌ನಲ್ಲಿದ್ದರು. ಕೋಳಿಗೂಡನ್ನು ಖಾಲಿ ಮಾಡಿಸಿ ಸ್ಟುಡಿಯೋ ಮಾಡಿಕೊಂಡರು; ಕಲ್ಲಿದ್ದಲು ಕೋಣೆಯೇ ಡಾರ್ಕ್ ರೂಮ್. ಆ ಕಾಲದ ಫೋಟೋ ಎಂದರೆ ಗಾಜಿನ ತಟ್ಟೆಗೆ ಕೊಲೋಡಿಯನ್ ದ್ರವ ಸುರಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು ಮುಗಿಸಬೇಕು. ಎದುರು ಕೂತವರು ಅಲ್ಲಾಡದೆ ನಿಮಿಷಗಟ್ಟಲೆ ಕೂರಬೇಕು. ಟೆನಿಸನ್, ಡಾರ್ವಿನ್, ಕಾರ್ಲೈಲ್ ಎಲ್ಲರೂ ಕೂತರು. ಫೋಟೋ ಪಂಡಿತರು ಮಾತ್ರ ಮೂಗು ಮುರಿದರು. ಫೋಕಸ್ ಸರಿಯಿಲ್ಲ, ಮಬ್ಬಾಗಿದೆ, ತಟ್ಟೆಯ ಮೇಲೆ ಕಲೆಗಳಿವೆ ಎಂದರು. ಕ್ಯಾಮರಾನ್ ತಲೆ ಕೆಡಿಸಿಕೊಳ್ಳಲಿಲ್ಲ.

ಬೇರೆಯವರಿಗೆಲ್ಲ ರಾಣಿ, ದೇವತೆ ಎಂದು ವೇಷ ಹಾಕಿಸುತ್ತಿದ್ದ ಅವರು ತಂಗಿಯ ಮಗಳು ಜೂಲಿಯಾಳನ್ನು ಹೆಚ್ಚಾಗಿ ಇದ್ದ ಹಾಗೆಯೇ ಕೂರಿಸಿದರು. 1867ರಲ್ಲಿ ತೆಗೆದ ಚಿತ್ರವೊಂದರಲ್ಲಿ ಕತ್ತಲೆಯಿಂದ ಮುಖ ಮಾತ್ರ ಮೇಲೆ ಬಂದಂತೆ ಕಾಣುತ್ತದೆ. ಅದನ್ನು ನೋಡಿದವರು ಬೇಗ ಮರೆಯಲಾರರು.

ಜೂಲಿಯಾ 1895ರಲ್ಲಿ ತೀರಿಕೊಂಡರು. ವರ್ಜೀನಿಯಾಗೆ ಆಗ 13 ವರ್ಷ. 1904ರಲ್ಲಿ ತಂದೆಯೂ ಹೋದ ಮೇಲೆ ಮಕ್ಕಳು ಆ ಕತ್ತಲೆಯ ಹಳೆಯ ಮನೆ ಬಿಟ್ಟು ಲಂಡನ್ನಿನ ಬ್ಲೂಮ್ಸ್‌ಬರಿಗೆ ಬಂದರು. ಪಠ್ಯಗಳಲ್ಲಿ ಬರುವ 'ವಿಕ್ಟೋರಿಯನ್ನರ ವಿರುದ್ಧ ದಂಗೆ' ಶುರುವಾಗುವುದು ಇಲ್ಲಿಂದ. ಆದರೆ ಅಕ್ಕ ವನೆಸಾ ಹೊಸ ಮನೆಯ ಗೋಡೆಗೆ ಮೊದಲು ತೂಗುಹಾಕಿದವುಗಳಲ್ಲಿ ಕ್ಯಾಮರಾನ್ ತೆಗೆದ ತಾಯಿಯ ಫೋಟೋಗಳೂ ಇದ್ದವು. ದಂಗೆಯೆದ್ದವರು ಜೊತೆಗೆ ಹೊತ್ತು ತಂದದ್ದು ಇದನ್ನು.

ನಮ್ಮ ಮನೆಯಲ್ಲಿ ಗೋಡೆಗೆ ಫೋಟೋ ಹಾಕುವ ರೂಢಿಯಿಲ್ಲ. ಅಬ್ಬಾ ತೀರಿಕೊಂಡಾಗ ನಾನು ಎಂಟನೇ ತರಗತಿ. ಅವರ ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ಅಮ್ಮಿಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇದೆ. ಅದರಲ್ಲಿ ಪ್ರತಿಯೊಂದು ಕೂದಲೂ ಸ್ಪಷ್ಟ, ಆದರೆ ಅದು ಯಾರೋ ಗುಮಾಸ್ತರ ಮುಖದಂತಿದೆ. ಇನ್ನೊಂದು, ಅಣ್ಣನ ಹಳೆಯ ಮೊಬೈಲಿನಲ್ಲಿ. ನೀರಿನ ಮೋಟಾರು ಆಫ್ ಮಾಡಿ ಎಂದು ಅಬ್ಬಾ ಕೂಗುತ್ತಾ ತಿರುಗಿದಾಗ ತೆಗೆದದ್ದು, ಪೂರ್ತಿ ಅಲ್ಲಾಡಿದೆ. ಅದರಲ್ಲಿರುವುದು ಅಬ್ಬಾ. ಕ್ಯಾಮರಾನ್ ಯಾಕೆ ಮಬ್ಬನ್ನು ಹಾಗೆಯೇ ಬಿಟ್ಟರು ಎಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

1926ರಲ್ಲಿ ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್ ಕ್ಯಾಮರಾನ್ ಚಿತ್ರಗಳ ಪುಸ್ತಕವೊಂದನ್ನು ಹೊರತಂದಿತು. ಮುನ್ನುಡಿ ಬರೆದವರು ಇಬ್ಬರು: ವರ್ಜೀನಿಯಾ ಮತ್ತು ರೋಜರ್ ಫ್ರೈ. ಈ ಫ್ರೈ ಯಾರು? 1910ರಲ್ಲಿ ಸೆಜಾನ್, ವ್ಯಾನ್ ಗೋ, ಗೊಗ್ಯಾಂ ಚಿತ್ರಗಳನ್ನು ಲಂಡನ್ನಿಗೆ ತಂದು ಪ್ರದರ್ಶಿಸಿ, ಊರೆಲ್ಲ ನಗುವಂತೆ ಮಾಡಿಕೊಂಡವರು. ಆಧುನಿಕ ಕಲೆಯ ವಕೀಲರೇ ಕೋಳಿಗೂಡಿನ ಅಜ್ಜಿಯ ಪರ ನಿಂತರು.

ಅದೇ ದಿನಗಳಲ್ಲಿ ವರ್ಜೀನಿಯಾ ಬರೆಯುತ್ತಿದ್ದದ್ದು 'ಟು ದಿ ಲೈಟ್‌ಹೌಸ್'. 1927ರಲ್ಲಿ ಬಂತು. ಅದರ ಶ್ರೀಮತಿ ರಾಮ್ಸೆ ಎಂದರೆ ಜೂಲಿಯಾ. ಅವರ ಸಾವು ಬ್ರಾಕೆಟ್ಟಿನೊಳಗಿನ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ವಿಕ್ಟೋರಿಯನ್ ಕಾದಂಬರಿಯಾಗಿದ್ದರೆ ಒಂದು ಅಧ್ಯಾಯ ಅಳಿಸುತ್ತಿತ್ತು. ಶ್ರೀಮಾನ್ ರಾಮ್ಸೆಯ ಯೋಚನೆ ಅಕ್ಷರಮಾಲೆಯಲ್ಲಿ 'ಕ್ಯೂ' ತನಕ ಬಂದು, 'ಆರ್'ಗೆ ಹೋಗಲಾರದೆ ಒದ್ದಾಡುತ್ತದೆ. ವುಲ್ಫ್ ಅವರ ತಂದೆ ಲೆಸ್ಲಿ ಸ್ಟೀಫನ್ ಅಕಾರಾದಿಯ ಬೃಹತ್ ಜೀವನಚರಿತ್ರೆ ಕೋಶವೊಂದರ ಮೊದಲ ಸಂಪಾದಕರು ಎಂದು ತಿಳಿದಾಗ ನನಗೆ ನಗು ಬಂತು.

ಕಾದಂಬರಿಯಲ್ಲಿ ಲಿಲಿ ಬ್ರಿಸ್ಕೋ ಎಂಬ ಚಿತ್ರಕಾರ್ತಿ ಶ್ರೀಮತಿ ರಾಮ್ಸೆಯನ್ನೂ ಮಗುವನ್ನೂ ಒಂದು ನೇರಳೆ ತ್ರಿಕೋನವಾಗಿ ಬಿಡಿಸುತ್ತಾಳೆ. ಇದೇನು ಎಂದು ಕೇಳಿದವರಿಗೆ, ಹೋಲಿಕೆ ತರುವುದು ತನ್ನ ಉದ್ದೇಶವೇ ಅಲ್ಲ ಎನ್ನುತ್ತಾಳೆ. ಮಬ್ಬು ಮುಖದಿಂದ ಈ ತ್ರಿಕೋನಕ್ಕೆ ಅರವತ್ತು ವರ್ಷ. ನನ್ನ ಮಟ್ಟಿಗೆ ಇಬ್ಬರದೂ ಒಂದೇ ಹಟ: ರೂಪ ಸಿಗದಿದ್ದರೂ ಪರವಾಗಿಲ್ಲ, ಆ ವ್ಯಕ್ತಿ ಸಿಗಬೇಕು.

ಪುಸ್ತಕ ಓದಿದ ವನೆಸಾ, ಅಮ್ಮ ಸತ್ತಲ್ಲಿಂದ ಎದ್ದು ಬಂದಂತಿದೆ ಎಂಬರ್ಥದಲ್ಲಿ ತಂಗಿಗೆ ಪತ್ರ ಬರೆದರು. ಇದನ್ನು ಬರೆದ ಮೇಲೆ ತಾಯಿಯ ಧ್ವನಿ ತನ್ನನ್ನು ಬೆನ್ನಟ್ಟುವುದು ನಿಂತಿತು ಎಂದು ವರ್ಜೀನಿಯಾ ಮುಂದೆ ನೆನಪಿಸಿಕೊಂಡಿದ್ದಾರೆ. ನಿಂತದ್ದು ಒಳ್ಳೆಯದೋ ಅಲ್ಲವೋ, ನನಗಂತೂ ಆ ಸಾಲು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕಾಯಿತು.

ಇಷ್ಟಾದರೂ ದೊಡ್ಡಜ್ಜಿಯನ್ನು ಅವರು ಪೂಜೆಗೆ ಕೂರಿಸಲಿಲ್ಲ. 'ಫ್ರೆಶ್‌ವಾಟರ್' ಎಂಬ ಪ್ರಹಸನ ಬರೆದು ಆಕೆಯನ್ನೂ ಟೆನಿಸನ್ನನನ್ನೂ ಚೆನ್ನಾಗಿ ಗೇಲಿ ಮಾಡಿದರು. 1935ರ ಜನವರಿಯಲ್ಲಿ ವನೆಸಾಳ ಸ್ಟುಡಿಯೋದಲ್ಲಿ, ಮನೆಯವರು ಮತ್ತು ಸ್ನೇಹಿತರ ಮುಂದೆ ಅದರ ಪ್ರದರ್ಶನ ನಡೆಯಿತು. ಕ್ಯಾಮರಾನ್ ವೇಷ ಹಾಕಿದ್ದು ಸ್ವತಃ ವನೆಸಾ.