ಮಣಿಯನ್ನು ಕೇಳುವ ರೀತಿ

ಸೆಖೆಯ ಸುದ್ದಿ ಎತ್ತಿದರೆ ನಮ್ಮಲ್ಲಿ ಯಾರಿಗೂ ಮಾತಿನ ಬರವಿಲ್ಲ. ಆದರೆ ಮೈಗೆ ತಿಳಿಯುವುದು ಹೆಚ್ಚೋ ಕಡಿಮೆಯೋ ಎನ್ನುವುದಷ್ಟೆ; ಎಷ್ಟು ಎಂದರೆ ಅದರ ಬಳಿ ಉತ್ತರವಿಲ್ಲ. ಒಂದು ಕೈಯನ್ನು ಬಿಸಿನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಂದೇ ಉಗುರುಬೆಚ್ಚಗಿನ ನೀರಿಗೆ ಅದ್ದಿ ನೋಡಿ. ಒಂದು ಕೈ ತಣ್ಣಗಿದೆ ಅನ್ನುತ್ತದೆ, ಇನ್ನೊಂದು ಬಿಸಿ ಅನ್ನುತ್ತದೆ. ಹದಿನೇಳನೇ ಶತಮಾನದಲ್ಲೇ ಜಾನ್ ಲಾಕ್ ಇದನ್ನು ಬರೆದಿಟ್ಟಿದ್ದಾನೆ.

ನಮಗೇನೋ ಅಂದಾಜು ಸಾಕು, ರೇಷ್ಮೆ ಹುಳುವಿಗೆ ಸಾಲದು. ಮರಿಹುಳುಗಳನ್ನು ಸಾಕುವ ಚಾಕಿ ಮನೆಯಲ್ಲಿ ಅವುಗಳಿಗೆ 27–28 ಡಿಗ್ರಿ ಹಿತ. ಬೆಳೆದ ಹುಳುಗಳಿಗೆ 24–25. ನಡುವೆ ಇರುವುದು ಮೂರೇ ಡಿಗ್ರಿ. ಎರಡು ಡಿಗ್ರಿ ತಪ್ಪು ತೋರಿಸುವ ಮಾಪಕ ಅಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ಕೆಲಸಕ್ಕೆ ನನಗೆ ತುಂಬ ಮೆಚ್ಚಿನ ವಸ್ತು ಥರ್ಮಿಸ್ಟರ್. ಮೆಣಸಿನ ಕಾಳಿಗಿಂತ ಚಿಕ್ಕ ಮಣಿ, ಅದಕ್ಕೆರಡು ತಂತಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಮಣಿಯ ರೋಧ 25 ಡಿಗ್ರಿಯಲ್ಲಿ 10,000 ಓಮ್. ಬಿಸಿ ಏರಿದಂತೆ ಅದು ಇಳಿಯುತ್ತದೆ: ಸೊನ್ನೆ ಡಿಗ್ರಿಯಲ್ಲಿ 33,000 ಓಮ್ ದಾಟಿದ್ದು, 100 ಡಿಗ್ರಿಗೆ ಬರುವಾಗ ಸುಮಾರು 700ಕ್ಕೆ ಕುಗ್ಗಿರುತ್ತದೆ. ತಾಮ್ರದಂಥ ಲೋಹಗಳ ನಡತೆ ಇದಕ್ಕೆ ತದ್ವಿರುದ್ಧ. ಬೆಳ್ಳಿಯ ಸಲ್ಫೈಡಿನಲ್ಲಿ ಈ ತಿರುವುಮುರುವನ್ನು 1833ರಲ್ಲಿ ಗುರುತಿಸಿದವನು ಮೈಕೆಲ್ ಫ್ಯಾರಡೆ. ತಿರುವುಮುರುವು ಎಂದಾಗ ಇನ್ನೊಬ್ಬ ನೆನಪಾಗುತ್ತಾನೆ. 1742ರಲ್ಲಿ ಆಂಡರ್ಸ್ ಸೆಲ್ಸಿಯಸ್ ತನ್ನ ಅಳತೆಯನ್ನು ಮುಂದಿಟ್ಟಾಗ ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು ಎಂದಿದ್ದ. ಆಮೇಲೆ ಬಂದವರು ಅದನ್ನು ಮಗುಚಿದರು.

ಮಣಿಯ ಮಾತನ್ನು ಕೇಳಿಸಿಕೊಳ್ಳುವುದು ಮೈಕ್ರೊಕಂಟ್ರೋಲರ್. ಅದಕ್ಕೆ ರೋಧ ತಿಳಿಯದು, ತಿಳಿಯುವುದು ವೋಲ್ಟೇಜ್ ಮಾತ್ರ. ಹಾಗಾಗಿ ಮಣಿಯ ಜೊತೆ ಒಂದು ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಅದಕ್ಕೆ ಕೊಡುತ್ತೇವೆ. ಆರ್ಡುಯಿನೊ ಊನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡು ಅದನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿಸುತ್ತದೆ. ಈ ಏರ್ಪಾಟಿನಲ್ಲೊಂದು ಚೆಲುವಿದೆ. ಮಣಿಗೆ ಕೊಟ್ಟ 5 ವೋಲ್ಟನ್ನೇ ಅಳತೆಗೂ ಆಧಾರವಾಗಿಟ್ಟರೆ, ಅದು 4.8ಕ್ಕೆ ಇಳಿದರೂ ಅಂಕಿ ಬದಲಾಗುವುದಿಲ್ಲ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿರುತ್ತದಲ್ಲ!

ಜೊತೆಗಿಡುವ ರೆಸಿಸ್ಟರ್ 10,000 ಓಮಿನದಾದರೆ 25 ಡಿಗ್ರಿಯ ಸುತ್ತ ಒಂದು ಡಿಗ್ರಿಗೆ ಆ ಅಂಕಿಯಲ್ಲಿ ಸುಮಾರು ಹನ್ನೊಂದು ಮೆಟ್ಟಿಲು ಸಿಗುತ್ತವೆ. ಅದೇ ಜೋಡಣೆಯನ್ನು 100 ಡಿಗ್ರಿಯ ಹತ್ತಿರ ಒಯ್ದರೆ ಎರಡು ಮೆಟ್ಟಿಲೂ ಸಿಗುವುದಿಲ್ಲ. ಆದ್ದರಿಂದ ಯಾವ ಬಿಸಿಯನ್ನು ಅಳೆಯಬೇಕೋ ಆ ಬಿಸಿಯಲ್ಲಿ ಮಣಿಯ ರೋಧ ಎಷ್ಟಿರುತ್ತದೋ, ಹೆಚ್ಚುಕಡಿಮೆ ಅಷ್ಟೇ ಬೆಲೆಯ ರೆಸಿಸ್ಟರ್ ಹಾಕಬೇಕು. ಚಾಕಿ ಮನೆಗೆ 10,000 ಓಮ್ ಸರಿಯಾಗಿ ಒಪ್ಪುತ್ತದೆ.

ಇನ್ನು, ಮಣಿಯನ್ನು ಕೇಳುವ ಕ್ರಿಯೆಯೇ ಮಣಿಯನ್ನು ಬಿಸಿ ಮಾಡುತ್ತದೆ! 5 ವೋಲ್ಟಿನಲ್ಲಿ ಸದಾ ವಿದ್ಯುತ್ ಹರಿಯುತ್ತಿದ್ದರೆ ಅದರೊಳಗೆ ಸುಮಾರು 0.6 ಮಿಲಿವಾಟ್ ಶಾಖ ಹುಟ್ಟುತ್ತದೆ. ಗಾಳಿಯಾಡದ ಕಡೆ ಇಷ್ಟೇ ಸಾಕು, ಸಣ್ಣ ಮಣಿ ಅರ್ಧ ಡಿಗ್ರಿಯವರೆಗೂ ಹೆಚ್ಚು ತೋರಿಸಲು. ಪರಿಹಾರ ಸುಲಭ: ಅಳೆಯುವಾಗ ಮಾತ್ರ ವಿದ್ಯುತ್ ಕೊಟ್ಟು, ಹಲವು ಸಲ ಓದಿ ಸರಾಸರಿ ತೆಗೆದು, ಆರಿಸಿಬಿಡುವುದು.

ಸರಾಸರಿಯಿಂದ ಅಂಕಿಯ ನಡುಕ ನಿಲ್ಲುತ್ತದೆ ನಿಜ. ಅಷ್ಟಕ್ಕೇ ಅದು ಸತ್ಯವಾಗುವುದಿಲ್ಲ. ಇಲ್ಲೇ ಜನ ಮೋಸಹೋಗುವುದು. ಪರದೆಯ ಮೇಲೆ 27.43 ಎಂದು ಕದಲದೆ ನಿಂತ ಅಂಕಿ ಒಂದೂವರೆ ಡಿಗ್ರಿ ತಪ್ಪಿರಬಹುದು, ಏಕೆಂದರೆ ಮಣಿಗಳು ಎಲ್ಲವೂ ಒಂದೇ ಅಲ್ಲ. ನಿಮ್ಮ ಮಣಿಯನ್ನು ನೀವೇ ಪರೀಕ್ಷಿಸಬೇಕು. ಜಾನ್ ಸ್ಟೈನ್‌ಹಾರ್ಟ್ ಮತ್ತು ಸ್ಟ್ಯಾನ್ಲಿ ಹಾರ್ಟ್ 1968ರಲ್ಲಿ ಕಡಲ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಕೊಟ್ಟ, ರೋಧದಿಂದ ತಾಪಮಾನ ತಿಳಿಸುವ ಸೂತ್ರಕ್ಕೆ ಮೂರು ಗೊತ್ತಾದ ತಾಪಮಾನಗಳು ಬೇಕು; ಚಾಕಿ ಮನೆಯಂಥ ಕಿರಿದಾದ ವ್ಯಾಪ್ತಿಗೆ ಬೀಟಾ ಸೂತ್ರ ಸಾಕು, ಅದಕ್ಕೆ ಎರಡೇ.

ಮೊದಲನೆಯದು ಮಂಜುಗಡ್ಡೆ. ಕುಟ್ಟಿ ಪುಡಿಮಾಡಿ, ಸಂದು ತುಂಬುವಷ್ಟೇ ನೀರು ಬೆರೆಸಬೇಕು. ನಾಲ್ಕು ಗಡ್ಡೆ ತೇಲಿಬಿಟ್ಟ ಲೋಟದ ತಳದಲ್ಲಿ ಸೊನ್ನೆ ಇರುವುದಿಲ್ಲ, ನಾಲ್ಕು ಡಿಗ್ರಿಯೂ ಇರಬಹುದು. ಮಣಿಯ ತಂತಿಗಳಿಗೆ ನೀರು ತಾಗಬಾರದು. ತಾಗಿದರೆ ವಿದ್ಯುತ್ತು ನೀರಿನಲ್ಲೂ ದಾರಿ ಹಿಡಿದು ರೋಧ ಕಡಿಮೆ ಕಾಣುತ್ತದೆ. ಎರಡನೆಯದಕ್ಕೆ ಕುದಿಯುವ ನೀರೇಕೆ ಬೇಡವೆಂದರೆ, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನ ನೂರು ಇಲ್ಲಿ ಸಿಗದು. ಅದಕ್ಕಿಂತ ಜ್ವರ ನೋಡುವ ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ನಂಬಿಗಸ್ತ. ಬೆಚ್ಚಗಿನ ನೀರಿನಲ್ಲಿ ಅದನ್ನೂ ಮಣಿಯನ್ನೂ ಜೊತೆಗಿಟ್ಟು, ನೀರನ್ನು ಕಲಕುತ್ತಾ, 37ರ ಆಸುಪಾಸಿನಲ್ಲಿ ರೋಧವನ್ನು ಬರೆದುಕೊಳ್ಳಿ. ನಮಗೆ ಬೇಕಾದ 27 ಈ ಎರಡರ ನಡುವೆಯೇ ಇದೆ.

ಇಷ್ಟಾದ ಮೇಲೂ ಪರದೆಯಲ್ಲಿ ದಶಾಂಶದ ಒಂದೇ ಸ್ಥಾನ ತೋರಿಸಿ. ಎರಡನೆಯದಕ್ಕೆ ನಮ್ಮ ಬಳಿ ಆಧಾರವಿಲ್ಲ. ನಡುರಾತ್ರಿ ಎದ್ದು ಹೀಟರ್ ಹಚ್ಚಬೇಕೋ ಬೇಡವೋ ಎಂದು ಹುಳು ಸಾಕುವವರು ತೀರ್ಮಾನಿಸುವುದು ಆ ಅಂಕಿಯನ್ನು ನೋಡಿ. ನಮಗೆ ಖಾತ್ರಿ ಇರುವಷ್ಟನ್ನೇ ಅವರಿಗೆ ಹೇಳಬೇಕು.