ಮಂಗಳವಾರದ ಸ್ವಾಮ್ಯೋರು

ನಮ್ಮಪ್ಪನಿಗೆ ಊರೂರಲ್ಲಿ ಹೆಸರಿರಲಿಲ್ಲ, ವಾರವಿತ್ತು. ಕೆರೆಯಾಚೆಯ ಊರಿನವರಿಗೆ ಅವರು ಮಂಗಳವಾರದ ಸ್ವಾಮ್ಯೋರು, ಗುಡ್ಡದ ಕೆಳಗಿನ ಹಟ್ಟಿಯವರಿಗೆ ಗುರುವಾರದ ಸ್ವಾಮ್ಯೋರು. ಸಂತೆಯಲ್ಲಿ ಭಾನುವಾರ ಎದುರಾದರೆ ಜನ ಗಲಿಬಿಲಿಗೊಂಡು, "ಇವತ್ತು ಯಾವ ವಾರ ಸ್ವಾಮಿ?" ಎಂದು ಅವರನ್ನೇ ಕೇಳುತ್ತಿದ್ದರು.

ಅಪ್ಪ ಕೃಷಿ ಸಹಾಯಕರು. ಅದಕ್ಕೂ ಮೊದಲು ಬ್ಲಾಕಿನ ಗ್ರಾಮಸೇವಕರು. ಆ ಕೆಲಸಕ್ಕೆ ಗೊತ್ತುಗುರಿ ಇರಲಿಲ್ಲ. ಗೊಬ್ಬರದ ಗುಂಡಿ ತೋಡಿಸಬೇಕು, ಸಣ್ಣ ಉಳಿತಾಯಕ್ಕೆ ಜನ ಸೇರಿಸಬೇಕು, ಕೊನೆಗೆ ಕುಟುಂಬ ಯೋಜನೆಗೆ 'ಕೇಸು' ಹಿಡಿದು ತರಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಪ್ಪನ ಸೈಕಲ್ ಬೆಲ್ಲು ಕೇಳಿದರೆ ಊರ ಗಂಡಸರೆಲ್ಲ ಜೋಳದ ಹೊಲದೊಳಗೆ ನುಗ್ಗಿ ಕೂರುತ್ತಿದ್ದರಂತೆ. ಬೆಳೆ ನೋಡಲು ಹೋದವರಿಗೆ ಬೆಳೆ ಮಾತ್ರ ಕಾಣುತ್ತಿತ್ತು ಎಂದು ಅಮ್ಮ ಈಗಲೂ ನಗುತ್ತಾಳೆ.

ಆಮೇಲೆ ವಿಶ್ವಬ್ಯಾಂಕಿನ ದೆಸೆಯಿಂದ 'ತರಬೇತಿ ಮತ್ತು ಭೇಟಿ' ಬಂತು. ಇಸ್ರೇಲಿನ ಡೇನಿಯಲ್ ಬೆನೋರ್ ಕಟ್ಟಿದ ಪದ್ಧತಿ ಅದು. 1974ರಲ್ಲಿ ರಾಜಸ್ಥಾನದ ಚಂಬಲ್ ಸೀಮೆಗೆ ಕಾಲಿಟ್ಟಿದ್ದು ಕೆಲವೇ ವರ್ಷಗಳಲ್ಲಿ ನಮ್ಮ ಬಯಲುಸೀಮೆಗೂ ಬಂತು. ಇಲಾಖೆಯವರ ಬಾಯಲ್ಲಿ ಅದು 'ಟಿ ಅಂಡ್ ವಿ'. ಊರಿಗೆ ಟೀವಿ ಬರುತ್ತಿದೆಯೆಂದು ಪಟೇಲರ ಮಗ ಮಾಳಿಗೆಯ ಮೇಲೆ ಬಿದಿರಿನ ಗಳ ನೆಡಿಸಿದ್ದ. ಬಂದದ್ದು ಸೈಕಲ್ ಮೇಲೆ ನಮ್ಮಪ್ಪ.

ಬೆನೋರ್ ಸಾಹೇಬರ ಲೆಕ್ಕ ಬಲು ಅಚ್ಚುಕಟ್ಟು. ಸಹಾಯಕನಿಗೆ ಬೇಸಾಯ ಬಿಟ್ಟು ಬೇರೆ ಕೆಲಸ ಹೇಳಕೂಡದು. ಒಬ್ಬೊಬ್ಬನಿಗೆ ಎಂಟು ಗುಂಪು. ಒಂದೊಂದು ಗುಂಪಿಗೂ ಹದಿನೈದು ದಿನಕ್ಕೊಮ್ಮೆ, ಗೊತ್ತಾದ ವಾರದಂದೇ ಹೋಗಬೇಕು. ಅಂಥ ಎಂಟು ಜನರ ಮೇಲೆ ಒಬ್ಬ ಅಧಿಕಾರಿ. ಎಲ್ಲರ ಹೊಲಕ್ಕೂ ಹೋಗಲಾಗದ್ದರಿಂದ ಕೆಲವರನ್ನು 'ಸಂಪರ್ಕ ರೈತ' ಎಂದು ಆರಿಸಿ ಅವರಿಗೆ ಹೇಳುವುದು, ಉಳಿದವರಿಗೆ ಅವರು ಹೇಳುವುದು. ಕೇಸು ಹಿಡಿಯುವುದು ತಪ್ಪಿತಲ್ಲ ಎಂದು ಅಪ್ಪ ದೇವರಿಗೆ ಕಾಯಿ ಒಡೆಸಿದರು. ಸಂಪರ್ಕ ರೈತರಾಗಿ ಆರಿಸಿಬಂದವರೆಲ್ಲ ಪಂಪ್‌ಸೆಟ್ಟಿನವರೇ. ಅವರ ಮನೆಗಳಲ್ಲಿ ಕಾಫಿಯೂ ಚೆನ್ನಾಗಿರುತ್ತಿತ್ತು ಅನ್ನುವುದು ಬೇರೆ ಮಾತು.

ಈ ಲೆಕ್ಕಕ್ಕೆ ಒಗ್ಗದೆ ಹೋದದ್ದು ಮಳೆರಾಯ ಒಬ್ಬನೇ. ಒಂದು ವರ್ಷ ಮೃಗಶಿರ ಒಣಗಿಹೋಯಿತು, ಕೂರಿಗೆ ಅಟ್ಟದಿಂದ ಇಳಿದಿರಲಿಲ್ಲ. ಆ ಹದಿನೈದು ದಿನದ ಸಂದೇಶ ಮಾತ್ರ ತರಬೇತಿಯಿಂದ ತಪ್ಪದೆ ಬಂತು: ಕಳೆ ತೆಗೆಯಬೇಕು.

"ಕಳೆ ತೆಗೀಬೇಕಂತೆ ಗೌಡ್ರೆ."

"ತೆಗೆಯಾಣ ಸ್ವಾಮಿ. ಪೈರು ಎಲ್ಲೈತೆ ತೋರ್ಸಿ."

ಅಪ್ಪ ಕಾಫಿ ಕುಡಿದು ಬಂದರು.

ರಾತ್ರಿ ಡೈರಿ. ಅಪ್ಪನದು ಕಾಗೆಕಾಲಿನ ಅಕ್ಷರ, ನನ್ನದು ದುಂಡು. ಹಾಗಾಗಿ ಬುಡ್ಡಿದೀಪದ ಮುಂದೆ ಅವರು ಹೇಳುವುದು, ನಾನು ಬರೆಯುವುದು. "ಕಳೆ ನಿಯಂತ್ರಣದ ಬಗ್ಗೆ ಸಲಹೆ ನೀಡಲಾಯಿತು." ಕರ್ಮಣಿ ಪ್ರಯೋಗವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅಪ್ಪನ ಡೈರಿಯಲ್ಲಿ. ಯಾರು ನೀಡಿದರು, ಯಾರು ಕೇಳಿದರು ಎಂಬ ರಗಳೆಯೇ ಇಲ್ಲದ ವ್ಯಾಕರಣ. ಜೀಪು ಬಂದ ದಿನ ಅಧಿಕಾರಿಗಳು ಸಂಪರ್ಕ ರೈತರನ್ನು ಕೇಳುತ್ತಿದ್ದದ್ದೂ ಒಂದೇ ಪ್ರಶ್ನೆ: ಮಂಗಳವಾರ ಬಂದಿದ್ದರಾ? ಬಂದಿದ್ದರು. ಬಂದು ಏನಾಯಿತು ಎನ್ನುವುದಕ್ಕೆ ಅವರ ನಮೂನೆಯಲ್ಲಿ ಕಲಂ ಇರಲಿಲ್ಲವೇನೋ. ಪ್ರಾತ್ಯಕ್ಷಿಕೆಯ ತಾಕುಗಳೆಲ್ಲ ಟಾರು ರಸ್ತೆಯ ಮಗ್ಗುಲಲ್ಲೇ ಏಕೆ ಇರುತ್ತಿದ್ದವೆಂಬುದು ಮಾತ್ರ ಜೀಪು ನೋಡಿದ ಯಾವ ಹುಡುಗನಿಗೂ ಅರ್ಥವಾಗುತ್ತಿತ್ತು.

ಡೈರಿಗೆ ಸಿಗದೆಯೂ ಊರಿಗೆ ಬಂದದ್ದುಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರಷ್ಟೆ. ಅದು ನಮ್ಮ ಹಟ್ಟಿಗೆ ಬಂದದ್ದು ಅಪ್ಪನ ಸೈಕಲ್ ಮೇಲಲ್ಲ, ತವರಿಗೆ ಹೋಗಿದ್ದ ಸೊಸೆಯೊಬ್ಬಳ ಸೆರಗಿನ ಗಂಟಿನಲ್ಲಿ. ಅವಳಿಗೆ ಟಿ.ಎ. ಕೊಟ್ಟವರಿಲ್ಲ.

ಈಗ ನನ್ನ ಸೋದರಳಿಯ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿದ್ದಾನೆ. ಅವನಿಗೆ ಡೈರಿಯ ಕಾಟವಿಲ್ಲ. ರೈತನನ್ನು ಹೊಲದಲ್ಲಿ ನಿಲ್ಲಿಸಿ, ಅಕ್ಷಾಂಶ ರೇಖಾಂಶ ಮೂಡುವ ಫೋಟೋ ತೆಗೆದು ಕಳಿಸಿದರಾಯಿತು. "ಮಾವ, ಫೋಟೋ ಅಂದ್ರೆ ಅವ್ರು ಮನೆಗೋಗಿ ಬಿಳೀ ಅಂಗಿ ಹಾಕ್ಕೊಂಡು ಬರ್ತಾರೆ. ಅಷ್ಟೊತ್ತಿಗೆ ಸಿಗ್ನಲ್ ಹೋಗಿರುತ್ತೆ" ಅನ್ನುತ್ತಾನೆ.

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಆ ಡೈರಿಗಳು ಸಿಕ್ಕವು. ಹುಡುಕಿದ್ದು ಒಂದೇ ದಿನವನ್ನು. ಆರಿದ್ರ ಮಳೆ ಜೋರಾಗಿ ಹೊಯ್ದ ಸಂಜೆಯ ಮಾರನೆಯ ದಿನ. ಅಂಥ ಮಳೆಯ ಹಿಂದೆಯೇ ಕಡಲೆಕಾಯಿಯ ಕಂಬಳಿಹುಳುವಿನ ಚಿಟ್ಟೆಗಳು ನೆಲದೊಳಗಿಂದ ಏಳುತ್ತವೆ. ಅವು ಮೊಟ್ಟೆಯಿಟ್ಟರೆ ಮುಗಿಯಿತು, ಹುಳುಗಳು ಹೊಲದಿಂದ ಹೊಲಕ್ಕೆ ದಂಡು ಹೊರಟು ಎಲೆ ಉಳಿಸುವುದಿಲ್ಲ. ಮಳೆ ಹೊಯ್ದ ಆ ರಾತ್ರಿಯೇ ಅಪ್ಪ ಹಟ್ಟಿಗೆ ಹೋಗಿ, ಸಂಪರ್ಕ ರೈತರಲ್ಲದವರನ್ನೂ ಎಬ್ಬಿಸಿ, ಬದುಬದುವಿನ ಮೇಲೆ ಬೆಂಕಿ ಹಾಕಿಸಿದರು. ನಾನು ಹಳೇ ಟೈರು ಉರುಳಿಸಿಕೊಂಡು ಓಡಿದೆ. ಬಿಳಿ ರೆಕ್ಕೆಯ ಚಿಟ್ಟೆಗಳು ಕತ್ತಲಿಂದ ಬಂದು ಬಂದು ಬೆಂಕಿಗೆ ಬೀಳುತ್ತಿದ್ದವು, ಚಟಚಟ ಸದ್ದು, ಸೀದ ವಾಸನೆ. ಹಟ್ಟಿಯ ಅಜ್ಜಿಯೊಬ್ಬಳು ನನ್ನ ಕೈಗೆ ಹುರಿದ ಕಡಲೆಕಾಯಿ ಸುರಿದು, "ಗುರುವಾರದ ಸ್ವಾಮ್ಯೋರು ಸೋಮವಾರ ಬಂದವ್ರೆ" ಎಂದು ಊರಿಗೆಲ್ಲ ಸಾರಿದಳು. ಮನೆ ಮುಟ್ಟಿದಾಗ ಕೋಳಿ ಕೂಗಿತ್ತು. ಬೆಳಗಾದರೆ ಮಂಗಳವಾರ, ಕೆರೆಯಾಚೆಯ ಊರು. ಅಪ್ಪ ಹೋಗುವ ಸ್ಥಿತಿಯಲ್ಲಿರಲಿಲ್ಲ.

ಡೈರಿಯ ಆ ಪುಟದಲ್ಲಿ ಒಂದೇ ಸಾಲಿದೆ. "ಸಾಂದರ್ಭಿಕ ರಜೆ. ಕಾರಣ: ಮಗನಿಗೆ ಜ್ವರ." ದುಂಡನೆಯ ಅಕ್ಷರ, ನನ್ನದೇ.